ಬೆನ್ನುಮೂಳೆಗೆ ಸಿಮೆಂಟ್ ಕಲಸುವ ಕೇತಿ

ಬೆಳಗಿನ ಆರೂಮುಕ್ಕಾಲು. ಹುಣಸೂರಿನ ಹೊರವಲಯದಲ್ಲಿ ನಲವತ್ತು ಹಾಸಿಗೆಯ ಒಂದು ಖಾಸಗಿ ಆಸ್ಪತ್ರೆ. ಅದರ ಆಪರೇಷನ್ ಥಿಯೇಟರಿನಲ್ಲಿ ಕೇತಿ ಸ್ಟೂಲು ಹತ್ತಿ ನಿಂತು, ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಗೋಡೆ ಗಡಿಯಾರದ ಹಿಂದಿನ ತಿರುಪು ತಿರುಗಿಸುತ್ತಿದ್ದಾರೆ. ರಾತ್ರಿ ಕಳೆಯುವುದರೊಳಗೆ ಅದು ಇಪ್ಪತ್ತು ಸೆಕೆಂಡು ಹಿಂದೆ ಬಿದ್ದಿದೆ. ಬಸ್ಸು ಇಪ್ಪತ್ತು ನಿಮಿಷ ತಡವಾದರೂ ಯಾರೂ ಹುಬ್ಬೇರಿಸದ ಸೀಮೆಯಲ್ಲಿ ಇಪ್ಪತ್ತು ಸೆಕೆಂಡಿಗೆ ಇಷ್ಟು ಮರ್ಯಾದೆ ಕೊಡುವವರು ಅಪರೂಪ.

ಕೆಳಗೆ ನೆಲ ಒರೆಸುತ್ತಿರುವ ಮರಮ್ಮನಿಗೆ ಇದು ದಿನದ ಮೊದಲ ತಮಾಷೆ. "ಗಂಟೆ ನೋಡಕ್ಕೆ ಅಂತ ಎಲ್ರೂ ಗಡಿಯಾರ ಮಡೀಕತ್ತಾರೆ. ನೀನೊಬ್ಳು ಗಡಿಯಾರ ನೋಡಕ್ಕೆ ಇನ್ನೊಂದು ಗಡಿಯಾರ ಮಡೀಕಂಡಿದ್ದೀಯ ಕಣಮ್ಮಿ."

"ಎರಡೂ ಸುಳ್ಳೇಳಿದ್ರೆ ಕೈ ಅದೆ ಬುಡಕ್ಕ," ಎನ್ನುತ್ತಾ ಕೇತಿ ಸ್ಟೂಲಿನಿಂದ ಇಳಿಯುತ್ತಾರೆ.

ನಲವತ್ತೆರಡು ವರ್ಷದ ಕೇತಿಯ ಕೆಲಸವನ್ನು ಮೂರು ಮಾತಿನಲ್ಲಿ ಹೇಳಿ ಮುಗಿಸಬಹುದು: ಅವರು ಸಿಮೆಂಟ್ ಕಲಸುತ್ತಾರೆ. ಮನೆ ಕಟ್ಟುವ ಸಿಮೆಂಟಲ್ಲ, ಮೂಳೆಗೆ ಹಾಕುವ ಸಿಮೆಂಟು. ಬೆನ್ನುಮೂಳೆ ಮುರಿದವರಿಗೆ ಡಾಕ್ಟರು ಸ್ಕ್ರೂ ಬಿಗಿದು ಕಂಬಿ ಕೂರಿಸುತ್ತಾರೆ. ಗಟ್ಟಿ ಮೂಳೆಯಲ್ಲಿ ಸ್ಕ್ರೂ ತೇಗದ ಮರಕ್ಕೆ ಹೊಡೆದ ಹಾಗೆ ನಿಲ್ಲುತ್ತದೆ. ವಯಸ್ಸಾಗಿ ಒಳಗೆ ಟೊಳ್ಳಾದ ಮೂಳೆಯಲ್ಲಿ ಬೆಂಡಿಗೆ ಹೊಡೆದ ಹಾಗೆ ಅಲ್ಲಾಡುತ್ತದೆ, ನಾಲ್ಕು ದಿನ ಓಡಾಡಿದರೆ ಕಿತ್ತೇ ಬರಬಹುದು. ಅದಕ್ಕೇ ಒಳಗೆ ಕೊಳವೆಯಿರುವ ಸ್ಕ್ರೂ ಹಾಕಿ, ಆ ಕೊಳವೆಯ ಮೂಲಕ ಒಂದೆರಡು ಚಮಚದಷ್ಟು ಸಿಮೆಂಟನ್ನು ಮೂಳೆಯೊಳಕ್ಕೆ ಒತ್ತುತ್ತಾರೆ. ಅದು ಸ್ಕ್ರೂವಿನ ಸುತ್ತ ಹರಡಿ ಕಲ್ಲಾಗುತ್ತದೆ. ಸ್ಕ್ರೂ ಕಚ್ಚಿಕೊಳ್ಳುತ್ತದೆ.

ಕೇಳುವುದಕ್ಕೆ ಸಲೀಸು. ಪೇಚಿರುವುದು ಹದದಲ್ಲಿ. ಒಂದು ಪೊಟ್ಟಣ ಪುಡಿ, ಒಂದು ಗಾಜಿನ ಸೀಸೆ ದ್ರವ. ಎರಡನ್ನೂ ಬೆರೆಸಿದ ಗಳಿಗೆಯಿಂದ ಅದು ನೀರಿನಿಂದ ಕಲ್ಲಿನ ಕಡೆಗೆ ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ತಡವಾದರೆ ಕೊಳವೆಯಲ್ಲೇ ಗಟ್ಟಿಯಾಗಿ ಕೂರುತ್ತದೆ. ಅವಸರ ಮಾಡಿದರೆ ಇನ್ನೂ ಕೆಟ್ಟದ್ದು. ತೆಳ್ಳಗಿರುವ ಸಿಮೆಂಟು ಮೂಳೆಯ ಸಂದಿಯಿಂದ ಜಾರಿ ನರದ ಪಕ್ಕ ಹೋದರೆ ಕಾಲಿನ ಸ್ವಾಧೀನ ತಪ್ಪಬಹುದು. ರಕ್ತನಾಳಕ್ಕೆ ಸೇರಿದರೆ ಹೃದಯ ದಾಟಿ ಶ್ವಾಸಕೋಶ ಮುಟ್ಟಬಹುದು. ಎಷ್ಟೋ ಜನರಲ್ಲಿ ಚೂರುಪಾರು ಸೋರಿದ್ದು ಯಾವ ತೊಂದರೆಯನ್ನೂ ಕೊಡದೆ ಎಕ್ಸ್-ರೇಯಲ್ಲಿ ಸುಮ್ಮನೆ ಕೂತಿರುತ್ತದೆ. ಕೆಲವರಲ್ಲಿ ಸುಮ್ಮನೆ ಕೂರುವುದಿಲ್ಲ. ಯಾರಲ್ಲಿ ಹೇಗೆ ಎಂದು ಮೊದಲೇ ಹೇಳುವ ಯಂತ್ರ ಯಾರ ಹತ್ತಿರವೂ ಇಲ್ಲ.

ಕೇತಿ ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯೊಂದರಲ್ಲಿ ಹುಟ್ಟಿದವರು, ಜೇನುಕುರುಬರ ಮನೆಯ ಮಗಳು. ಆಶ್ರಮ ಶಾಲೆಯಲ್ಲಿ ಓದಿ ಹತ್ತನೇ ತರಗತಿ ಪಾಸಾದಾಗ ಮೇಷ್ಟರು ಮಿಠಾಯಿ ಹಂಚಿದರಂತೆ. ಮುಂದಕ್ಕೆ ಏನು ಮಾಡಬೇಕೆಂದು ಮಾತ್ರ ಮಿಠಾಯಿ ತಿಂದವರ್ಯಾರೂ ಹೇಳಲಿಲ್ಲ. ಶುಂಠಿ ಹೊಲದಲ್ಲಿ ಕೂಲಿ ಮಾಡಿದರು. ಇಪ್ಪತ್ತೆಂಟಕ್ಕೆ ಈ ಆಸ್ಪತ್ರೆಗೆ ಆಯಾ ಆಗಿ ಸೇರಿದರು. ಥಿಯೇಟರಿನ ಬಕೆಟ್ಟು ಹೊತ್ತರು, ಬಟ್ಟೆ ಕುದಿಸಿದರು, ಉಪಕರಣಗಳ ಹೆಸರನ್ನು ಕೇಳಿ ಕೇಳಿಯೇ ಕಲಿತರು. ಐದು ವರ್ಷದ ನಂತರ ಆಸ್ಪತ್ರೆಯೇ ತರಬೇತಿಗೆ ಕಳಿಸಿತು. ಸರ್ಟಿಫಿಕೇಟು ಬಂತು, ಆಯಾ ಕೇತಿ ಥಿಯೇಟರ್ ಸಹಾಯಕಿ ಕೇತಿಯಾದರು. ಪದವಿ ಬದಲಾದರೂ ಬಕೆಟ್ಟು ಬಹಳ ದಿನ ಅವರ ಹಿಂದೆಯೇ ಬರುತ್ತಿತ್ತು.

ಅರಣ್ಯ ಇಲಾಖೆಯಲ್ಲಿ ದಿನಗೂಲಿ ಕಾವಲುಗಾರನಾಗಿರುವ ಗಂಡ ಚಿಕ್ಕಮಾದ ವಾರಕ್ಕೆರಡು ದಿನ ಮನೆಯಲ್ಲಿರುತ್ತಾರೆ. ಕೋಟೆ ಪೇಟೆಯ ಬಾಡಿಗೆ ಮನೆಯಿಂದ ಕೇತಿ ನಾಲ್ಕೂಕಾಲಿಗೆ ಏಳುತ್ತಾರೆ, ಐದೂಕಾಲರ ಬಸ್ಸು ಹಿಡಿಯುತ್ತಾರೆ. ಹದಿನಾಲ್ಕು ವರ್ಷದ ನೌಕರಿ. ಬೆನ್ನಿನ ಡಾಕ್ಟರು ಮೈಸೂರಿನಿಂದ ಬರುವುದು ವಾರದಲ್ಲಿ ಒಂದು ದಿನ, ಗುರುವಾರ. ತಿಂಗಳಿಗೆ ಎರಡೋ ಮೂರೋ ಸಿಮೆಂಟಿನ ಕೇಸು. ಇದುವರೆಗೆ ಇನ್ನೂರ ಹದಿನೇಳು.

ಆಸ್ಪತ್ರೆಯ ಮ್ಯಾನೇಜರಿಗೆ ಬಂದವರೆದುರು ಕೇತಿಯನ್ನು ಹೀಗೆ ಪರಿಚಯಿಸುವುದು ಇಷ್ಟ: "ಇವರದು ಜೇನು ತೆಗೆಯೋ ಕುಲ. ಹದ ಅನ್ನೋದು ರಕ್ತದಲ್ಲೇ ಬಂದಿದೆ."

ಕೇತಿಗೆ ಇದನ್ನು ಕೇಳಿದಾಗಲೆಲ್ಲ ನಗು. "ರಕ್ತದಲ್ಲಿ ಎಂಥದ್ದೂ ಬಂದಿಲ್ಲ ಸಾರ್. ಜೇನು ಕಿತ್ತಿದ್ದು ನಮ್ಮಪ್ಪ. ನಂಗೆ ಮರ ಹತ್ತಕ್ಕೇ ಬರಾಕಿಲ್ಲ. ಡೇಟು ಮುಗ್ದೋದ ಬಾಕ್ಸು ಬಿಸಾಕ್ತಿದ್ರಲ್ಲ, ಅವನ್ನ ಇಸ್ಕಂಡು ಡ್ಯೂಟಿ ಆದ್ಮೇಲೆ ಕೂತ್ಕಂಡು ಕಲ್ಸಿದ್ದೀನಿ. ಎಸಿ ಆಕಿ ಒಂದು ಸಲ, ಆರ್ಸಿ ಒಂದು ಸಲ. ಮಳೆ ದಿನ, ಬಿಸ್ಲು ದಿನ. ಆ ವಾಸ್ನೆಗೆ ತಲೆ ಸಿಡೀತಿತ್ತು. ಅಂಗೆ ಬಂದಿದ್ದು."

ಆದರೆ ಹದ ಗೊತ್ತಿರುವುದು ಬೇರೆ, ಅದನ್ನು ಬಾಯಿ ಬಿಟ್ಟು ಹೇಳುವುದು ಬೇರೆ. ಈ ವ್ಯತ್ಯಾಸವನ್ನು ಕೇತಿ ಮೂರು ವರ್ಷದ ಹಿಂದೆ, ಪಿರಿಯಾಪಟ್ಟಣ ಕಡೆಯ ಮಹದೇವಪ್ಪನವರ ಬೆನ್ನಿನ ಮೇಲೆ ಕಲಿತರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಸೊಪ್ಪು ಕಟ್ಟಿದ ಕಡ್ಡಿ ಮೇಲೇರಿಸುವಾಗ ಬಿದ್ದು ಮೂಳೆ ಮುರಿದುಕೊಂಡಿದ್ದ ರೈತ. ಆಪರೇಷನ್ನಿಗೆ ಬಂದಿದ್ದವರು ದೊಡ್ಡ ಹೆಸರಿನ ಹಿರಿಯ ಡಾಕ್ಟರು. ಬಟ್ಟಲಲ್ಲಿ ಸಿಮೆಂಟು ಇನ್ನೂ ತೆಳ್ಳಗಿದೆ ಎಂದು ಕೇತಿಯ ಕೈಗೆ ಗೊತ್ತಾಗಿತ್ತು. ಡಾಕ್ಟರು ಕೈ ಚಾಚಿದರು. ಕೇತಿ ಕೊಟ್ಟುಬಿಟ್ಟರು.

"ಅಷ್ಟು ದೊಡ್ಡೋರು ಕೈ ನೀಡ್ಕಂಡು ನಿಂತವ್ರೆ. ತಾಳಿ ಅನ್ನಕ್ಕೆ ನಾನ್ಯಾರು ಅನ್ನಿಸ್ತು," ಎನ್ನುತ್ತಾರೆ. "ಸಂಜೆ ಅವ್ರಿಗೆ ಕೆಮ್ಮು ಬಂತು. ಉಸ್ರು ಎಳ್ಕೊಳ್ಳಕ್ಕಾಯ್ತಿಲ್ಲ. ಎದೆ ಸ್ಕ್ಯಾನ್ ಮಾಡಿದ್ರೆ ಶ್ವಾಸಕೋಶದಲ್ಲಿ ಬಿಳೀ ದಾರದಂಗೆ ಒಂದು ಗೆರೆ. ನಾನು ಕಲ್ಸಿದ್ದು ಅದು."

ಮಹದೇವಪ್ಪ ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದು ಬದುಕಿದರು. ಈಗ ಹೊಲಕ್ಕೂ ಹೋಗುತ್ತಾರೆ, ತಪಾಸಣೆಗೆ ಬಂದಾಗ ಕೇತಿಯನ್ನು ಮಾತಾಡಿಸಿಯೇ ಹೋಗುತ್ತಾರೆ. ಆ ಹನ್ನೊಂದು ದಿನ ಕೇತಿಗೆ ಅನ್ನ ಸೇರಲಿಲ್ಲ. ಹನ್ನೆರಡನೆಯ ದಿನ ಅವರು ತಮಗೆ ತಾವೇ ಒಂದು ಪದ್ಧತಿ ಮಾಡಿಕೊಂಡರು. ಕಲಸಿದ ಸಿಮೆಂಟಿನಲ್ಲಿ ನೆಲ್ಲಿಕಾಯಿ ಗಾತ್ರದಷ್ಟನ್ನು ಎಡಗೈಯಲ್ಲಿ ಇಟ್ಟುಕೊಳ್ಳುವುದು. ಅರ್ಧ ನಿಮಿಷಕ್ಕೊಮ್ಮೆ ಅದನ್ನು ಎಳೆದು ನೋಡಿ ಅದರ ಸ್ಥಿತಿಯನ್ನು ಇಡೀ ಥಿಯೇಟರಿಗೆ ಕೇಳುವ ಹಾಗೆ ಕೂಗುವುದು. ನಾಲ್ಕೇ ಪದ: ನೀರು, ಎಳೆ, ಪೇಸ್ಟು, ಕಲ್ಲು. ಎಳೆ ಅಂದರೆ ಬೆರಳಿಂದ ಎಳೆದಾಗ ದಾರ ಕಟ್ಟುವ ಹಂತ. ಪೇಸ್ಟು ಅಂದರೆ ಟೂತ್‌ಪೇಸ್ಟಿನ ಹದ, ಒತ್ತಲು ಸರಿಯಾದ ಕಾಲ. ಬಸ್ಸಿನ ಕಂಡಕ್ಟರು ಸ್ಟಾಪು ಕೂಗಿದ ಹಾಗೆ ಕೂಗುತ್ತಾರೆ. ಕಂಡಕ್ಟರು ಯಾರಿಗೂ ಇಳಿಯಿರಿ ಎಂದು ಆಜ್ಞೆ ಮಾಡುವುದಿಲ್ಲ, ಯಾವ ಊರು ಬಂತೆಂದು ಹೇಳುತ್ತಾನೆ ಅಷ್ಟೆ. ಡಾಕ್ಟರಿಗೆ ಎದುರಾಡಿದಂತೆಯೂ ಆಗಬಾರದು, ಬಾಯಿ ಮುಚ್ಚಿಕೊಂಡಿರಲೂಬಾರದು. ಅದಕ್ಕೆ ಕೇತಿ ಹುಡುಕಿಕೊಂಡ ದಾರಿ ಇದು.

ಈ ಗುರುವಾರ ಬಂದಿರುವವರು ಹೊಸಬರು, ಡಾಕ್ಟರ್ ಶರತ್. ಮೂವತ್ತಾರರ ವಯಸ್ಸು, ಒಳ್ಳೆಯ ಕೈ ಎಂದು ಹೆಸರು. ಟೇಬಲ್ಲಿನ ಮೇಲೆ ಬೋರಲಾಗಿ ಮಲಗಿರುವವರು ಕೆ.ಆರ್.ನಗರದ ಕಡೆಯ ಮಿರ್ಲೆಯ ಸುನಂದಮ್ಮ, ಅರವತ್ತೊಂಬತ್ತು. ಡೇರಿಗೆ ಹಾಲು ಹಾಕಿ ಬರುವಾಗ ಮೆಟ್ಟಿಲ ಮೇಲೆ ಧಪ್ಪನೆ ಕೂತರು. ಬಿದ್ದದ್ದೂ ಅಲ್ಲ, ಕೂತದ್ದು. ಅಷ್ಟಕ್ಕೇ ಮೂಳೆ ಕುಸಿದು ನರ ಒತ್ತಿ ಕಾಲು ಜೋಮು ಹಿಡಿದಿದೆ. ಜೊತೆಗೆ ಹಳೆಯ ಉಬ್ಬಸ ಬೇರೆ. ಅವರ ಶ್ವಾಸಕೋಶಕ್ಕೆ ಸಿಮೆಂಟಿನ ಒಂದು ಎಳೆ ಹೋದರೂ ತಡೆದುಕೊಳ್ಳುವುದು ಕಷ್ಟ ಎಂದು ಅರಿವಳಿಕೆ ತಜ್ಞೆ ಡಾಕ್ಟರ್ ರೂಪಶ್ರೀ ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದಾರೆ.

ಹನ್ನೊಂದೂ ಹತ್ತಕ್ಕೆ ನಾಲ್ಕೂ ಸ್ಕ್ರೂಗಳು ಕೂತಿವೆ. ಡಾಕ್ಟರ್ ಶರತ್ ಸಿಮೆಂಟು ಕೇಳುತ್ತಾರೆ. ಕೇತಿ ಬಟ್ಟಲಿಗೆ ಪುಡಿ ಸುರಿದು, ದಪ್ಪ ಬಟ್ಟೆ ಸುತ್ತಿ ಸೀಸೆಯ ಕತ್ತು ಮುರಿದು ದ್ರವ ಹಾಕುತ್ತಾರೆ. ಗಡಿಯಾರ ನೋಡಿಕೊಂಡು ಕಲಸುತ್ತಾರೆ. ನೆಲ್ಲಿಕಾಯಿ ಗಾತ್ರ ಎಡಗೈಗೆ ಬರುತ್ತದೆ.

"ನೀರು," ಎಂದು ಕೂಗುತ್ತಾರೆ. ಅರ್ಧ ನಿಮಿಷಕ್ಕೆ ಮತ್ತೆ, "ನೀರು."

ಹೊಸ ಡಾಕ್ಟರು ತಲೆ ಎತ್ತುತ್ತಾರೆ. "ಸಿಸ್ಟರ್, ಏನದು?" ಹೆಸರು ಗೊತ್ತಿಲ್ಲದ ಹೆಂಗಸರೆಲ್ಲ ಆಸ್ಪತ್ರೆಗಳಲ್ಲಿ ಸಿಸ್ಟರುಗಳೇ.

"ಹದ ಹೇಳ್ತಿದ್ದೀನಿ ಸಾರ್."

"ಟೈಮರ್ ಇಟ್ಟಿದ್ದೀನಿ. ಸ್ವಲ್ಪ ಸುಮ್ಮನಿರ್ತೀರಾ? ಗಮನ ಹೋಗುತ್ತೆ."

ಸಿಡುಕಿ ಹೇಳಿದ್ದಲ್ಲ, ಮರ್ಯಾದೆಯಿಂದಲೇ ಹೇಳಿದ್ದು. ಮರ್ಯಾದೆಯಿಂದ ಬಾಯಿ ಮುಚ್ಚಿಸಿದರೆ ತೆರೆಯುವುದು ಇನ್ನೂ ಕಷ್ಟ. ಕೇತಿಯ ಕೂಗು ನಿಲ್ಲುತ್ತದೆ. ಕೇತಿಯ ಎಡಗೈ ಮಾತ್ರ ಉಂಡೆಯನ್ನು ಅಮುಕುತ್ತಲೇ ಇದೆ. ಮೂರು ನಿಮಿಷಕ್ಕೆ ಎಳೆ ಕಟ್ಟಬೇಕಿತ್ತು, ಕಟ್ಟುತ್ತಿಲ್ಲ. ಬೆರಳ ಸಂದಿಯಿಂದ ಜಾರುತ್ತಿದೆ. ಎರಡು ಗ್ಲೌಸಿನ ಒಳಗೆ, ಅಂಗೈಗೆ, ಈಗ ಇನ್ನೊಂದು ತಿಳಿಯುತ್ತಿದೆ: ಇದು ತಣ್ಣಗಿದೆ. ಮೇ ತಿಂಗಳ ಸಿಮೆಂಟು ತಣ್ಣಗಿರುವುದಕ್ಕೆ ಕಾರಣವೇ ಇಲ್ಲ.

ನಾಲ್ಕೂವರೆ ನಿಮಿಷಕ್ಕೆ ಟೈಮರು ಕೀಚುಗುಡುತ್ತದೆ. ಡಾಕ್ಟರ್ ಶರತ್ ಕೈ ಚಾಚುತ್ತಾರೆ.

ಸಿಮೆಂಟು ತುಂಬಿದ ಕೊಳವೆ ಕೇತಿಯ ಬಲಗೈಯಲ್ಲಿದೆ. ಕೊಡುವುದಿಲ್ಲ.

"ಇನ್ನೂ ನೀರು ಸಾರ್."

"ಟೈಮ್ ಆಯ್ತಲ್ಲಮ್ಮ."

"ಟೈಮ್ ಆಯ್ತು ಸಾರ್. ಇದಾಗಿಲ್ಲ." ಎಡಗೈಯನ್ನು ದೀಪದ ಬೆಳಕಿಗೆ ಹಿಡಿದು ಓರೆ ಮಾಡುತ್ತಾರೆ. ಉಂಡೆ ಉಂಡೆಯಾಗಿ ಉಳಿಯದೆ ಅಂಗೈಯಿಂದ ಹಸಿರು ಬಟ್ಟೆಯ ಮೇಲಕ್ಕೆ ಉದ್ದನೆಯ ತೊಟ್ಟಾಗಿ ಇಳಿಯುತ್ತದೆ.

ಆಗಲೇ ತಲೆಯ ಕಡೆಯಿಂದ ಡಾಕ್ಟರ್ ರೂಪಶ್ರೀ ಹೇಳುತ್ತಾರೆ, "ಶರತ್, ಬಿಪಿ ಎಂಬತ್ತನಾಲ್ಕಕ್ಕೆ ಇಳೀತಿದೆ. ತುಂಬ ಎಳೀಬೇಡಿ."

ಥಿಯೇಟರಿನಲ್ಲಿರುವ ಎಲ್ಲರ ಕಣ್ಣೂ ಈಗ ಕೇತಿಯ ಮೇಲಿದೆ. ಕಾದರೆ ಸುನಂದಮ್ಮನ ರಕ್ತದೊತ್ತಡ, ಕಾಯದಿದ್ದರೆ ಅವರ ಶ್ವಾಸಕೋಶ. ಕಾದು ಕಾದು ಕೊಳವೆಯಲ್ಲೇ ಕಲ್ಲಾದರೆ ನಾಲ್ಕು ಸ್ಕ್ರೂ ಬೆಂಡಿನಲ್ಲಿ ನಿಂತಂತೆ ನಿಲ್ಲುತ್ತವೆ, ಆ ಕಾಲು ಮತ್ತೆ ಜೋಮು ಹಿಡಿಯುತ್ತದೆ. ಆಗ ಕೆಟ್ಟ ಹೆಸರು ಕೇತಿಗೇ.

"ಕೊಡಲ್ವಾ?" ಡಾಕ್ಟರ್ ಶರತ್ ಕೇಳುತ್ತಾರೆ.

"ನೀವೇ ಮುಟ್ಟಿ ನೋಡಿ ಸಾರ್. ನೋಡಿದ್ಮೇಲೂ ಕೊಡು ಅಂದ್ರೆ ಕೊಡ್ತೀನಿ."

ಡಾಕ್ಟರು ಒಂದು ಬೆರಳಿಂದ ಉಂಡೆಯನ್ನು ಮುಟ್ಟಿ ಎತ್ತುತ್ತಾರೆ. ಬೆರಳಿನಿಂದ ಅದು ತೊಟ್ಟು ತೊಟ್ಟಾಗಿ ಇಳಿಯುತ್ತದೆ, ಎಳೆ ಕಟ್ಟುವುದಿಲ್ಲ. ಅವರು ಡಾಕ್ಟರ್ ರೂಪಶ್ರೀಯವರ ಕಡೆ ತಿರುಗುತ್ತಾರೆ. "ಮೇಡಂ, ಬಿಪಿ ಹಿಡೀಬಹುದಾ?"

"ಔಷಧಿ ಕೊಟ್ಟಿದ್ದೀನಿ. ಮೂರು, ನಾಲ್ಕು ನಿಮಿಷ ಹಿಡೀತೀನಿ. ಅದಕ್ಕಿಂತ ಹೆಚ್ಚು ಕೇಳಬೇಡಿ."

"ಹೇಳಿ ಸಿಸ್ಟರ್," ಎನ್ನುತ್ತಾರೆ ಡಾಕ್ಟರು. "ಮೊದಲಿನ ಹಾಗೇ ಹೇಳ್ತಾ ಹೋಗಿ."

"ನೀರು," ಎಂದು ಕೇತಿ ಕೂಗುತ್ತಾರೆ. ಆರು ನಿಮಿಷ. "ಎಳೆ." ಏಳು. "ಎಳೆ." ಬಿಪಿ ತೊಂಬತ್ತೆರಡಕ್ಕೆ ಏರಿದೆ ಎಂದು ತಲೆಯ ಕಡೆಯಿಂದ ದನಿ. "ಎಳೆ. ದಪ್ಪ ಎಳೆ ಸಾರ್." ಎಂಟು. ಹೊರಗೆ ಯಾವುದೋ ಟ್ರಾಕ್ಟರು ಹಾಡು ಹಾಕಿಕೊಂಡು ಹೋಗುತ್ತದೆ, ಒಳಗೆ ಯಾರಿಗೂ ನಗು ಬರುವುದಿಲ್ಲ. ಎಂಟು ನಿಮಿಷ ನಲವತ್ತು ಸೆಕೆಂಡಿಗೆ ಕೇತಿ ಉಂಡೆಯನ್ನು ಬೆರಳಿಂದ ಎಳೆದಾಗ ಅದು ದಾರ ಬಿಡದೆ ಚೂಪಾಗಿ ನಿಲ್ಲುತ್ತದೆ.

"ಪೇಸ್ಟು. ತಗಳ್ಳಿ ಸಾರ್."

ಎಕ್ಸ್-ರೇ ಪರದೆಯ ಮೇಲೆ ಮೊದಲ ಸ್ಕ್ರೂವಿನ ತುದಿಯಲ್ಲಿ ಕಪ್ಪು ಮೋಡದಂತೆ ಸಿಮೆಂಟು ಅರಳುತ್ತದೆ, ಅರಳಿದಲ್ಲೇ ನಿಲ್ಲುತ್ತದೆ. ಎರಡನೆಯದು, ಮೂರನೆಯದು. ಪ್ರತಿ ಹನಿಗೂ ಒಂದು ಚಿತ್ರ. ನಾಲ್ಕನೆಯದಕ್ಕೆ ಮೋಡ ಅಂಚಿನ ಕಡೆ ಸ್ವಲ್ಪ ವಾಲಿದ್ದೇ ಡಾಕ್ಟರು ಕೈ ತಡೆಯುತ್ತಾರೆ. ಅಲ್ಲಿಗೆ ಸಾಕು ಎಂದು ಬಿಡುತ್ತಾರೆ. ಕೇತಿ "ಕಲ್ಲು" ಎಂದು ಕೂಗುವಾಗ ಅವರ ಎಡಗೈಯ ಉಂಡೆ ಕಾದು ಸುಡುತ್ತಿದೆ.

ಸಿಮೆಂಟು ಯಾಕೆ ತಣ್ಣಗಿತ್ತು ಎಂಬುದಕ್ಕೆ ಉತ್ತರ ಕಾರಿಡಾರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದೆ. ಸ್ಟೋರ್ ನೋಡಿಕೊಳ್ಳುವ ಶಶಿಕುಮಾರ್, ಕೆಲಸದಲ್ಲಿ ಶ್ರದ್ಧೆಗೆ ಹೆಸರಾದ ಹುಡುಗ.

"ಸಿಮೆಂಟ್ ಬಾಕ್ಸು ಎಲ್ಲಿಟ್ಟಿದ್ದೆ?" ಕೇತಿ ಕೇಳುತ್ತಾರೆ.

"ಲಸಿಕೆ ಫ್ರಿಜ್ಜಲ್ಲಿ ಅಕ್ಕ. ಮೂರು ದಿನದಿಂದ." ಹೊಗಳಿಕೆ ಬರುವುದೆಂದು ಕಾದವನ ಮುಖ. "ಬಾಕ್ಸ್ ಮ್ಯಾಲೆ ಬರ್ದವ್ರಲ್ಲ, ಇಪ್ಪತ್ತೈದು ಡಿಗ್ರಿ ಒಳ್ಗೆ ಇಡ್ಬೇಕು ಅಂತ. ಸ್ಟೋರಲ್ಲಿ ಮೂವತ್ತಾರು. ಕೆಟ್ಟೋಯ್ತದೆ ಅಂತ ಎರಡು ಬಾಕ್ಸೂ ಫ್ರಿಜ್ಜಿಗೆ ಆಕ್ದೆ. ಇವತ್ತು ಬೆಳಿಗ್ಗೆ ನೀವು ಕೇಳಿದಾಗ್ಲೇ ತೆಗ್ದಿದ್ದು, ಫ್ರೆಶ್ಶಾಗಿ."

"ಮೊಸ್ರು ಅನ್ಕಂಡ್ಯೇನ್ಲಾ?"

"ಯಾಕಕ್ಕ, ತಪ್ಪಾಯ್ತಾ?"

"ಓದ್ದೆ, ಸರಿ. ಅರ್ಧ ಓದ್ದೆ." ಕೇತಿ ಅವನನ್ನು ಗೋಡೆಯ ಬದಿಗೆ ಕರೆದು ಬಿಡಿಸಿ ಹೇಳುತ್ತಾರೆ: ತಣ್ಣಗಿರುವ ಸಿಮೆಂಟು ನಿಧಾನ ಗಟ್ಟಿಯಾಗುತ್ತದೆ, ಗಡಿಯಾರ ಆಯಿತು ಎನ್ನುವಾಗಲೂ ಅದು ಆಗಿರುವುದಿಲ್ಲ, ಫ್ರಿಜ್ಜಿನಿಂದ ತೆಗೆದರೆ ಥಿಯೇಟರಿನ ಬಿಸಿಗೆ ಬರಲು ಇಡೀ ದಿನ ಕೊಡಬೇಕು. ಶಶಿಕುಮಾರನ ಮುಖ ಬಿಳಿಚುತ್ತದೆ. ಅವನನ್ನು ಬೈಯುವುದಕ್ಕೆ ಕೇತಿಗೆ ಮನಸ್ಸಿಲ್ಲ. ಕಾಳಜಿಯಿಂದ ಆದ ಎಡವಟ್ಟು. ಬೇಜವಾಬ್ದಾರಿಯಾಗಿದ್ದರೆ ಬಾಕ್ಸು ಸ್ಟೋರಿನಲ್ಲೇ ಬಿದ್ದಿರುತ್ತಿತ್ತು. ಆಗ ಬೇಗ ಗಟ್ಟಿಯಾಗುವ ಇನ್ನೊಂದು ಪೇಚು.

ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ಡಾಕ್ಟರ್ ಶರತ್ ಹತ್ತಿರದ ಬೆಂಚಿನ ಮೇಲೆ ಕೂತುಬಿಡುತ್ತಾರೆ. "ನಾಲ್ಕೂವರೆ ನಿಮಿಷಕ್ಕೆ ಒತ್ತಿಬಿಡ್ತಿದ್ದೆ," ಎಂದಷ್ಟೇ ಹೇಳಿ ಟೋಪಿ ತೆಗೆಯುತ್ತಾರೆ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ನಿಮ್ಮ ಹೆಸರು ಕೇಳಲೇ ಇಲ್ಲ ನಾನು."

"ಕೇತಿ ಸಾರ್."

"ಸುಮ್ಮನಿರಿ ಅಂದಿದ್ದಕ್ಕೆ ಬೇಜಾರಾಯ್ತಾ?"

"ಬೇಜಾರಾಗ್ಲಿಲ್ಲ ಸಾರ್. ಭಯ ಆಯ್ತು. ಎಲ್ಲಿ ಸುಮ್ನಾಗ್ಬುಡ್ತೀನೋ ಅಂತ."

ಆದರೂ ಗಂಡಾಂತರ ಕಳೆಯಿತೆಂದು ಹೇಳುವಂತಿಲ್ಲ. ಪರದೆಗೆ ಕಾಣದಷ್ಟು ಸಣ್ಣದು ಜಾರಿದ್ದರೆ ಗೊತ್ತಾಗುವುದು ರೋಗಿ ಎಚ್ಚರವಾದ ಮೇಲೆ, ಎದೆಯ ಸ್ಕ್ಯಾನ್ ಆದ ಮೇಲೆ. ಕೇತಿಯ ಡ್ಯೂಟಿ ಮೂರಕ್ಕೆ ಮುಗಿಯುತ್ತದೆ. ಮೂರೂವರೆಯ ಕೋಟೆ ಬಸ್ಸು ಹೋಗುತ್ತದೆ. ನಾಲ್ಕೂವರೆಯದೂ ಹೋಗುತ್ತದೆ. ಕೇತಿ ವಾರ್ಡಿನ ಬಾಗಿಲ ಹತ್ತಿರ ಕೂತು, ಸುನಂದಮ್ಮನ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಯನ್ನು ದೂರದಿಂದಲೇ ಓದುತ್ತಿದ್ದಾರೆ. ತೊಂಬತ್ತೈದು. ತೊಂಬತ್ತಾರು. ಒಮ್ಮೆ ಸುನಂದಮ್ಮ ಕೆಮ್ಮುತ್ತಾರೆ, ಕೇತಿ ಎದ್ದು ನಿಲ್ಲುತ್ತಾರೆ. ಗಂಟಲು ಒಣಗಿದ್ದಕ್ಕೆ ಬಂದ ಕೆಮ್ಮು. ಒಂದು ಚಮಚ ನೀರಿಗೆ ನಿಲ್ಲುತ್ತದೆ.

ಎಚ್ಚರಾದ ಸುನಂದಮ್ಮ ಮೊದಲು ಕೇಳಿದ್ದು ಎಮ್ಮೆಗೆ ಯಾರು ಹುಲ್ಲು ಹಾಕಿದರು ಎಂದು. ಡಾಕ್ಟರು ಕಾಲ್ಬೆರಳು ಆಡಿಸಿ ಎಂದಾಗ ಎರಡೂ ಕಾಲಿನ ಹತ್ತೂ ಬೆರಳು ಆಡುತ್ತವೆ. "ಜೋಮು ಓಯ್ತು ಕಣಪ್ಪ," ಎಂದು ಅವರು ಅನುಮಾನದಿಂದಲೇ ಒಪ್ಪಿಕೊಳ್ಳುತ್ತಾರೆ. ಐದೂಕಾಲಕ್ಕೆ ಎದೆಯ ಸ್ಕ್ಯಾನ್ ಬರುತ್ತದೆ. ಡಾಕ್ಟರ್ ರೂಪಶ್ರೀ ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಪದರ ಸರಿಸಿ ನೋಡುತ್ತಾರೆ, ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಇನ್ನೊಂದು ಸಲ. ಹಿಂದೆ ನಿಂತ ಕೇತಿ ಪ್ರತಿ ಪದರದಲ್ಲೂ ಬಿಳೀ ದಾರ ಹುಡುಕುತ್ತಿದ್ದಾರೆ. "ಏನೂ ಇಲ್ಲ ಕೇತಿ. ಕ್ಲೀನಾಗಿದೆ. ಇನ್ನಾದ್ರೂ ಮನೆಗೆ ಹೋಗಿ," ಎಂದು ಡಾಕ್ಟರು ತಿರುಗಿದಾಗ ಕೇತಿ ಮುಖ ಒರೆಸಿಕೊಳ್ಳುತ್ತಿದ್ದಾರೆ.

ಕಾರಿಡಾರಿನಲ್ಲಿ ಸುನಂದಮ್ಮನ ಗಂಡ ನಂಜುಂಡಸ್ವಾಮಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾರೆ. ಬೆಳಗಿನಿಂದ ಅವರ ಗಂಟಲಲ್ಲಿ ಇಳಿದ ಮೊದಲ ಗುಟುಕು. ಮಧ್ಯಾಹ್ನದಿಂದಲೂ ವಾರ್ಡಿನ ಬಾಗಿಲಲ್ಲಿ ಕೂತಿದ್ದ ಹೆಂಗಸು ಚಪ್ಪಲಿ ಮೆಟ್ಟಿ ಹೊರಟದ್ದನ್ನು ಕಂಡು ತಡೆಯುತ್ತಾರೆ.

"ನಮ್ಮನೆಯೋರ್ನ ಕಾಯ್ಕಂಡು ಕೂತಿದ್ರಲ್ಲ, ನೀವು ಯಾರ ಪೈಕಿ ಅಂತ ಗೊತ್ತಾಗ್ಲಿಲ್ಲ ಕಣವ್ವ."

"ಒಳ್ಗೆ ಕೆಲ್ಸ ಮಾಡೋಳು ಯಜಮಾನ್ರೆ. ಸಿಮೆಂಟ್ ಕಲ್ಸ್ತೀನಿ."

"ಸಿಮೆಂಟಾ?" ಮಿರ್ಲೆಯಲ್ಲಿ ಎರಡು ಮನೆ ಕಟ್ಟಿಸಿರುವ ನಂಜುಂಡಸ್ವಾಮಿಗೆ ಈ ವಿಷಯದಲ್ಲಿ ಅನುಭವವಿದೆ. "ಗಟ್ಟಿ ಬಿದ್ದದಾ? ಸೋರಿಲ್ಲ ತಾನೆ?"

ಕೇತಿ ನಗುತ್ತಾರೆ. ಬೆಳಗಿನಿಂದ ಆಸ್ಪತ್ರೆಯಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಿಲ್ಲ.

"ನಾನು ಕಲ್ಸಿದ್ದು ಅವ್ರ ಬೆನ್ನಲ್ಲೇ ಅದೆ ಯಜಮಾನ್ರೆ," ಎನ್ನುತ್ತಾರೆ. "ಎದೇಲಿ ಒಂದು ಚೂರೂ ಇಲ್ಲ. ನಾನೇ ನೋಡ್ಕಂಡು ಬಂದಿದ್ದೀನಿ."